ಮೂರನೆಯ ಕಂಬ ಮತ್ತು ನೀರಿನ ಟ್ಯಾಂಕು

ಲಾಂಚನ್ನು ಜೆಟ್ಟಿಗೆ ಹಚ್ಚುವುದರಲ್ಲಿ ಬೆಣ್ಣೆಯಣ್ಣನನ್ನು ಮೀರಿಸುವವರಿಲ್ಲ ಎಂಬುದು ಆ ನೀರಿನ ದಾರಿಯ ಏಳು ನಿಲ್ದಾಣಗಳಲ್ಲೂ ಎರಡು ಮಾತಿಲ್ಲದೆ ಒಪ್ಪಿಕೊಂಡ ಸಂಗತಿಯಾಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯೊಳಗೆ ಬೆಚ್ಚಗೆ ಮಲಗಿತ್ತು, ಅದನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಅರವತ್ತು ಜನ ತುಂಬಿದ ಲಾಂಚು ದಡಕ್ಕೆ ತಾಗಿದ್ದು ತೊಡೆಯ ಮೇಲೆ ಮಲಗಿದ ಕೂಸಿಗೂ ಗೊತ್ತಾಗದ ಹಾಗೆ ತಂದು ನಿಲ್ಲಿಸುತ್ತಿದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂದು ಯಾರೋ ಒಮ್ಮೆ ಹೊಗಳಿದರು. ಜನರ ಬಾಯಲ್ಲಿ ಸವೆದು ಸವೆದು ಕೂದಲು ಉದುರಿ ಬೆಣ್ಣೆ ಉಳಿಯಿತು. ಅವನ ತಲೆಯ ಮೇಲೂ ಹೆಚ್ಚುಕಡಿಮೆ ಅದೇ ಆಗಿದ್ದರಿಂದ ಹೆಸರು ಇನ್ನಷ್ಟು ಭದ್ರವಾಗಿ ಕೂತಿತು.

ಸಮುದ್ರಕ್ಕೆ ಒತ್ತಿಕೊಂಡೇ ಆದರೆ ಬಹಳ ದೂರದವರೆಗೂ ಸಮುದ್ರಕ್ಕೆ ಸೇರದೆ ಹರಿಯುವ ನೀರು ಅದು. ಒಂದು ಕಡೆ ಉದ್ದಕ್ಕೂ ಮರಳದಿಬ್ಬ, ಇನ್ನೊಂದು ಕಡೆ ಮನೆಗಳು, ಗೋದಾಮುಗಳು, ಮಂಜುಗಡ್ಡೆ ಕಾರ್ಖಾನೆ, ದೋಣಿ ಕಟ್ಟುವ ಅಂಗಳ. ಬೆಳಿಗ್ಗೆ ಆರೂವರೆಗೆ ಹೊರಟರೆ ದಿನಕ್ಕೆ ಮೂರು ಸುತ್ತು. ಎಲ್ಲಿ ಮರಳು ಬೆಳೆದಿದೆ, ಎಲ್ಲಿ ಯಾರೋ ಬಿಟ್ಟುಹೋದ ಹರಕು ಬಲೆ ಲಾಂಚಿನ ಪಂಖಕ್ಕೆ ಸುತ್ತಿಕೊಳ್ಳಲು ಹೊಂಚು ಹಾಕಿ ಕೂತಿದೆ, ಎಲ್ಲವೂ ಅವನಿಗೆ ಮನೆಯ ಹೊಸ್ತಿಲಿನಷ್ಟು ಪರಿಚಿತ. ಚಪ್ಪಲಿ ಕಳಚಿ ಮೂಲೆಗಿಟ್ಟು ಬರಿಗಾಲಲ್ಲಿ ಚುಕ್ಕಾಣಿ ಹಿಡಿದು ನಿಲ್ಲುತ್ತಿದ್ದ. "ಕಾಲಲ್ಲೇ ನೀರು ಓದ್ತಾನೆ ಕಣ್ರೀ" ಎಂದು ಜನ ಬೆರಗಾಗುತ್ತಿದ್ದರು. ಅವನು ಬರಿಗಾಲಲ್ಲಿ ನಿಲ್ಲುತ್ತಿದ್ದದ್ದು ಬೆರಳ ಸಂದಿಯ ತುರಿಕೆಗೆ ಗಾಳಿಯಾಡಲಿ ಎಂದು. ಆದರೆ ತನ್ನನ್ನು ಹೊಗಳುವವರ ಬಾಯಿ ಮುಚ್ಚಿಸುವಷ್ಟು ದೊಡ್ಡ ಮನಸ್ಸು ಯಾರಿಗಿರುತ್ತದೆ?

ಆರು ಜೆಟ್ಟಿಗಳು ಸಾಧು ಹಸುವಿನಂಥವು, ಯಾರು ಬೇಕಾದರೂ ಹೋಗಿ ಪಕ್ಕದಲ್ಲಿ ನಿಲ್ಲಬಹುದು. ಏಳನೆಯದು, ಅವನ ಮನೆಯ ಮುಂದಿನದೇ, ಒದೆಯುವ ಜಾತಿಯದು. ಅದರ ತಲೆಯ ಹತ್ತಿರ ಇನ್ನೊಂದು ಕಾಲುವೆ ಬಂದು ಕೂಡುತ್ತದೆ. ಸಮುದ್ರ ಉಬ್ಬುವಾಗ ನೀರು ಸುಮ್ಮನೆ ಕೆರೆಯ ಹಾಗೆ ನಿಂತಿರುತ್ತದೆ. ಇಳಿತ ಶುರುವಾಯಿತೆಂದರೆ ಎರಡೂ ಕಡೆಯ ನೀರು ಒಟ್ಟಿಗೆ ನುಗ್ಗಿ ಲಾಂಚಿನ ಮೂತಿಯನ್ನು ಅಡ್ಡಕ್ಕೆ ಎಳೆದುಕೊಂಡು ಹೋಗುತ್ತದೆ. ಕೆಳಗಡೆ, ಹಳೆಯ ಜೆಟ್ಟಿಯದೊಂದು ಮುರುಕು ಮೋಟು ನೀರಿನಿಂದ ತಲೆಯೆತ್ತಿ ಕಾದಿರುತ್ತದೆ.

ಇಲ್ಲಿ ಅವನಿಗೊಂದು ಗುಟ್ಟಿತ್ತು. ಚುಕ್ಕಾಣಿ ಸಿಕ್ಕ ಮೊದಲ ವರ್ಷ ಎಲ್ಲರಂತೆ ಅವನೂ ದಿನಾ ಢಿಕ್ಕಿ ಹೊಡೆದು ಬೈಸಿಕೊಂಡವನೇ. ಒಂದು ದಿನ ಕಣ್ಣಿಗೆ ಬಿತ್ತು: ಜೆಟ್ಟಿಯ ಮೂರನೆಯ ದೀಪದ ಕಂಬ, ಅದರ ನೇರಕ್ಕೆ ಹಿಂದೆ ತನ್ನ ಮನೆಯ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕು. ಟ್ಯಾಂಕು ಕಂಬದ ಎಡಕ್ಕೆ ಇಣುಕಿದರೆ ಲಾಂಚು ಕೆಳಗೆ ಜಾರುತ್ತಿದೆ, ಬಲಕ್ಕೆ ಇಣುಕಿದರೆ ಮೇಲೆ ಹೋಗಿದೆ. ಸರಿಯಾಗಿ ಕಂಬದ ಹಿಂದೆ ಅಡಗಿತೋ, ಹಗ್ಗದವನಿಗೆ ಎಚ್ಚರಿಕೆ ಕೊಡಲು ಒಂದು ಸಣ್ಣ ಹಾರ್ನ್, ಎಂಜಿನ್ನಿಗೆ ಬಿಡುವು, ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಕೆ, ಆಮೇಲೆ ಹಿಂದಕ್ಕೆ ಒಂದು ಒತ್ತು. ಅಷ್ಟೇ. ಲಾಂಚು ತಾನಾಗಿ ಬಂದು ಜೆಟ್ಟಿಗೆ ನೇತುಹಾಕಿದ ಟೈರಿಗೆ ಮೈಯೊರಗಿಸಿ ನಿಲ್ಲುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಇದನ್ನು ಯಾರಿಗಾದರೂ ಹೇಳೋಣವೆಂದುಕೊಳ್ಳುವ ಹೊತ್ತಿಗೆ ಕಾಲಲ್ಲಿ ನೀರು ಓದುವ ಕೀರ್ತಿ ಊರೆಲ್ಲ ಹಬ್ಬಿಬಿಟ್ಟಿತ್ತು. ನನ್ನ ಕಾಲಲ್ಲ, ನಮ್ಮನೆ ಟ್ಯಾಂಕು ಎಂದು ಹೇಳಿಕೊಳ್ಳುವುದು ಹೇಗೆ? ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಲಾಂಚು ಜೆಟ್ಟಿಯ ಮೂಲೆಗೆ ದಢಾರನೆ ಹೊಡೆಯಿತು.

ಜನ ನಕ್ಕರು. "ಏನಣ್ಣಾ, ಬೆಣ್ಣೆ ಇವತ್ತು ಗಟ್ಟಿಯಾಗಿದೆ?" ಎಂದರು. ಅವನೂ ನಕ್ಕ. ಸಂಜೆಯ ಸುತ್ತಿನಲ್ಲಿ ಎಂದಿನಂತೆ ಹೂವಿನ ಹಾಗೆ ಬಂದು ನಿಂತಿತು. ಮಂಗಳವಾರ ಮತ್ತೆ ಢಿಕ್ಕಿ. ಬುಧವಾರ ಬೆಳಿಗ್ಗೆ ಸರಿ, ಮಧ್ಯಾಹ್ನ ಢಿಕ್ಕಿ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಕಂಬ ಕಂಬದ ಜಾಗದಲ್ಲೇ ಇದೆ, ಟ್ಯಾಂಕು ಕಂಬದ ಹಿಂದೆ ಸರಿಯಾಗಿ ಅಡಗುತ್ತಿದೆ, ನಾಲ್ಕರ ಎಣಿಕೆ ನಾಲ್ಕೇ ಆಗುತ್ತಿದೆ. ಆದರೂ ಲಾಂಚು ಹತ್ತು ಹೆಜ್ಜೆ ಕೆಳಗೆ, ಆ ಮುರುಕು ಮೋಟಿನ ಕಡೆಗೆ ಹೋಗಿ ನಿಲ್ಲುತ್ತಿದೆ. ಒಂದು ಹೊತ್ತು ಸರಿ, ಇನ್ನೊಂದು ಹೊತ್ತು ತಪ್ಪು. ಪೂರ್ತಿ ಕೆಟ್ಟಿದ್ದರೆ ಕೆಟ್ಟಿತು ಎಂದು ಕೈಚೆಲ್ಲಬಹುದಿತ್ತು. ತಪ್ಪುವುದು ಇಳಿತದಲ್ಲಿ ಮಾತ್ರ ಎಂಬುದು ಎರಡನೆಯ ವಾರ ಗೊತ್ತಾಯಿತು, ಆದರೆ ಗೊತ್ತಾಗಿ ಪ್ರಯೋಜನವೇನು? ಇಳಿತದಲ್ಲಿ ಯಾರಿಗಾದರೂ ಕಷ್ಟವೇ, ಅದಕ್ಕೇ ಅಲ್ಲವೇ ಅವನನ್ನು ಹೊಗಳುತ್ತಿದ್ದದ್ದು.

"ನೀರಿನ ಸೆಳೆತ ಬದಲಾಗಿದೆ ಭಾವಾ" ಎಂದು ಹಗ್ಗ ಎಸೆಯುವ ಭಾವನ ಹತ್ತಿರ ಹೇಳಿಕೊಂಡ. ಭಾವನೆಂದರೆ ಹೆಂಡತಿಯ ಸ್ವಂತ ಅಣ್ಣ, ಲಾಂಚಿನ ಮೂತಿಯಲ್ಲಿ ಕೂತು ಬೀಡಿ ಸೇದುತ್ತ ಹತ್ತೊಂಬತ್ತು ವರ್ಷ ಕಳೆದವನು.

"ಹೌದಪ್ಪಾ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ" ಎಂದ ಭಾವ. ತಮಾಷೆಗೇ ಹೇಳಿದ್ದು. ಆದರೆ ಬೆಣ್ಣೆಯಣ್ಣನಿಗೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತುಬಿಟ್ಟಿತು.

ಅದಕ್ಕೆ ಕಾರಣವಿತ್ತು. ಅವನ ಅಪ್ಪನೂ ಇದೇ ನೀರಿನಲ್ಲಿ ದೋಣಿ ನಡೆಸಿದವನು. ಅಪ್ಪ ಒಂದು ದಿನ ಬೇರೆ ಯಾರದೋ ಮೆಟ್ಟಿಲಿಗೆ ದೋಣಿ ಕಟ್ಟಿ, ಅವರ ಮನೆಯೊಳಗೆ ಹೋಗಿ ಕೂತು, "ಚಹಾ ಎಲ್ಲೇ?" ಎಂದು ಕೇಳಿದ್ದನಂತೆ. ಮನೆಮಂದಿ ಅದನ್ನು ಹೇಳಿಕೊಂಡು ಒಂದು ವರ್ಷ ನಕ್ಕರು. ಎರಡನೆಯ ವರ್ಷ ನಗು ನಿಂತಿತು. ಮೂರನೆಯ ವರ್ಷ ಅಪ್ಪನಿಗೆ ಮಗ ಯಾರೆಂದು ತಿಳಿಯುತ್ತಿರಲಿಲ್ಲ. ಬೆಣ್ಣೆಯಣ್ಣನಿಗೀಗ ಐವತ್ತಾರು. ಅಪ್ಪ ಆ ಚಹಾ ಕೇಳಿದಾಗ ಐವತ್ತೆಂಟು.

ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋದ. ಡಾಕ್ಟರು ಮೇಲಿನ ಸಾಲು ಕೆಳಗಿನ ಸಾಲು ಎಲ್ಲ ಓದಿಸಿ, "ನನ್ನ ಕಣ್ಣಿಗಿಂತ ನಿಮ್ಮದೇ ಚೆನ್ನಾಗಿದೆ, ಬೇಕಾದ್ರೆ ಬದಲಾಯಿಸ್ಕೊಳ್ಳೋಣ" ಎಂದರು. ಬೇರೆಯವರಾದರೆ ಖುಷಿಪಡುತ್ತಿದ್ದರು. ಇವನು ಹೆದರಿದ. ಕಣ್ಣು ಸರಿ ಇದೆ ಎಂದರೆ ಹಾಳಾಗಿರುವುದು ಕಣ್ಣಿನ ಹಿಂದಿರುವುದೇ ತಾನೆ? ಅಂದಿನಿಂದ ತನ್ನ ತಲೆಯನ್ನು ತಾನೇ ಪರೀಕ್ಷೆ ಮಾಡತೊಡಗಿದ. ಸ್ನಾನ ಮಾಡುತ್ತ ಹದಿನೇಳರ ಮಗ್ಗಿ, ಅಂಗಿ ಹಾಕುತ್ತ ಏಳು ನಿಲ್ದಾಣಗಳ ಹೆಸರು ಹಿಂದುಮುಂದಾಗಿ. ಒಮ್ಮೆ ಹದಿನೇಳೆಂಟ್ಲ ಎಷ್ಟೆಂದು ಹೊಳೆಯದೆ ಬಚ್ಚಲಲ್ಲಿ ಸೋಪು ಹಚ್ಚಿಕೊಂಡೇ ಬಹಳ ಹೊತ್ತು ನಿಂತ. ಅದು ಶಾಲೆಯಲ್ಲಿದ್ದಾಗಲೂ ಹೊಳೆಯುತ್ತಿರಲಿಲ್ಲ ಎಂಬುದು ಪಾಪ ಅವನಿಗೆ ನೆನಪಾಗಲಿಲ್ಲ.

ಹೆಂಡತಿ ಹೊರಗೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮಾವನ ಕಥೆ ಅವಳಿಗೂ ಗೊತ್ತು. ಕೊನೆಯ ಎರಡು ವರ್ಷ ಮಾವನಿಗೆ ತುತ್ತಿಟ್ಟವಳೇ ಅವಳು. ಕೇಳಿದರೆ ಗಂಡನಿಗೆ ಬೇಸರ, ಕೇಳದಿದ್ದರೆ ತನಗೆ ನಿದ್ದೆಯಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಾಯಿಗೆ ಬೀಗ ಹಾಕಿಕೊಂಡರು.

ಮೂರನೆಯ ವಾರದ ಢಿಕ್ಕಿಗೆ ಶಾಲೆಯ ಟೀಚರಮ್ಮ ಮುಗ್ಗರಿಸಿ ಮುಂದಿನ ಬೆಂಚಿಗೆ ಹಣೆ ಬಡಿಸಿಕೊಂಡರು. ಕನ್ನಡಕ ಎರಡು ಹೋಳು, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು. "ಪರವಾಗಿಲ್ಲಪ್ಪಾ, ಪರವಾಗಿಲ್ಲ" ಎಂದು ಅವರೇ ಸಮಾಧಾನ ಹೇಳಿದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸುದ್ದಿ ಬಂದರು ಕಚೇರಿಗೆ ಮುಟ್ಟಿತು. ಕಚೇರಿಯಿಂದ ಕಾಗದ ಬಂತು: ಗುರುವಾರ ಮಧ್ಯಾಹ್ನ ಅಧಿಕಾರಿಯೊಬ್ಬರು ಲಾಂಚಿನಲ್ಲಿ ಬಂದು ಪರೀಕ್ಷಿಸುತ್ತಾರೆ, ತೃಪ್ತಿಯಾಗದಿದ್ದರೆ ಚುಕ್ಕಾಣಿ ಬೇರೆಯವರಿಗೆ, ಇವನು ಟಿಕೆಟ್ ಕಿಟಕಿಗೆ. ಗುರುವಾರ ಮಧ್ಯಾಹ್ನವೆಂದರೆ ಇಳಿತದ ರಭಸದ ಹೊತ್ತು. ಬೆಣ್ಣೆಯಣ್ಣ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಟಿಕೆಟ್ ಕಿಟಕಿ ದೊಡ್ಡದಲ್ಲ. ಈ ಪರೀಕ್ಷೆಯಲ್ಲಿ ತಪ್ಪಿದರೆ ತಾನು ಅಪ್ಪನ ದಾರಿ ಹಿಡಿದಿದ್ದೇನೆ ಎಂದು ಲೋಕವೇ ಸಹಿ ಹಾಕಿ ಕೊಟ್ಟಂತೆ, ಅದು ದೊಡ್ಡದು.

ಬುಧವಾರ ಸಂಜೆ ಅಡುಗೆಮನೆಯ ನಲ್ಲಿಯಲ್ಲಿ ನೀರು ನಿಂತಿತು. "ಮೇಲೆ ಹೋಗಿ ಪೈಪಿಗೆ ಎರಡು ತಟ್ಟಿ ಬನ್ನಿ, ಗಾಳಿ ಕಟ್ಟಿರಬೇಕು" ಎಂದಳು ಹೆಂಡತಿ. ಅವನು ತಾರಸಿ ಹತ್ತಿ, ಯೋಚನೆಯಲ್ಲೇ ಜೆಟ್ಟಿಯ ಕಡೆಯ ಮೂಲೆಗೆ ನಡೆದು, ಪೈಪಿಗೆಂದು ಕೈ ಚಾಚಿದ. ಕೈಗೆ ಏನೂ ಸಿಗಲಿಲ್ಲ.

ಅಲ್ಲಿ ಟ್ಯಾಂಕೇ ಇರಲಿಲ್ಲ. ನೆಲದ ಮೇಲೆ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ಹಾಳೆ, ಅದರ ಅಂಚಿಗೆ ಇಟ್ಟಿಗೆಗಳು. ತಿರುಗಿ ನೋಡಿದರೆ ಟ್ಯಾಂಕು ಬಚ್ಚಲುಮನೆಯ ಮೇಲಿನ ಮೂಲೆಯಲ್ಲಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದೇನೆ ಎಂಬಂತೆ ಕೂತಿತ್ತು. ಎಲ್ಲಿತ್ತು ಇದು? ಇಲ್ಲಿತ್ತೋ ಅಲ್ಲಿತ್ತೋ? ಇಪ್ಪತ್ತಾರು ವರ್ಷ ಇಲ್ಲಿದೆ ಎಂದು ತಾನು ಅಂದುಕೊಂಡದ್ದೇ ಸುಳ್ಳೋ? ಅಪ್ಪನಿಗೂ ಆ ಪರರ ಮನೆ ತನ್ನ ಮನೆಯಂತೆಯೇ ಕಂಡಿರಬೇಕಲ್ಲವೇ? ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದ.

"ಒಂದು ಮಾತು ಕೇಳ್ತೀನಿ, ಬೈಬೇಡ" ಎಂದ. "ನಮ್ಮ ಟ್ಯಾಂಕು... ಅದು ಎಲ್ಲಿತ್ತು?"

ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಬಂತು, ಬಂದೇಬಿಟ್ಟಿತು, ಎಂದುಕೊಂಡಳು. ಮಾವನ ಜೊತೆ ಮಾತಾಡುತ್ತಿದ್ದಳಲ್ಲ, ಅದೇ ಮೆಲುದನಿಯಲ್ಲಿ, "ಮೊದಲು ಈ ಮೂಲೆಯಲ್ಲಿತ್ತು. ಆಮೇಲೆ ಆ ಮೂಲೆಗೆ ಹೋಯ್ತು. ಕೂತ್ಕೊಳ್ಳಿ, ನೀರು ಕುಡೀತೀರಾ?" ಎಂದಳು. ನಲ್ಲಿಯಲ್ಲಿ ನೀರಿಲ್ಲವೆಂಬುದೂ ಅವಳಿಗೆ ಮರೆತುಹೋಗಿತ್ತು.

"ಹೋಯ್ತಾ? ಅದಾಗೇ ಹೋಯ್ತಾ?"

"ಅದಾಗೇ ಹೇಗೆ ಹೋಗುತ್ರೀ! ಅಡುಗೆಮನೆ ಮೇಲೆ ಬಿರುಕು ಬಿಟ್ಟು ಸೋರ್ತಿತ್ತು. ಭಾರ ತಡೆಯಲ್ಲ ಅಂತ ಮೇಸ್ತ್ರಿ ಎತ್ತಿ ಆ ಕಡೆ ಇಟ್ಟ. ಮೂರು ವಾರದ ಹಿಂದೆ, ಭಾನುವಾರ. ಬಿರುಕಿಗೆ ಸಿಮೆಂಟು ಮೆತ್ತಿ ಹೋಗಿದ್ದು ಮಾತ್ರ ನಿನ್ನೆ. ನಿಮಗೆ ಹೇಳಿದ್ನಲ್ಲ, ಊಟಕ್ಕೆ ಕೂತಾಗ! ನೀವು ಹ್ಞೂಂ ಅಂದ್ರಿ!"

ಅಂದಿದ್ದ. ಹೆಂಡತಿ ಊಟದ ಹೊತ್ತಿನಲ್ಲಿ ಹೇಳುವ ಮಾತಿಗೆಲ್ಲ ಅವನು ಹ್ಞೂಂ ಎನ್ನುತ್ತಿದ್ದ, ಲೋಕದ ಗಂಡಸರೆಲ್ಲ ಎನ್ನುವ ಹಾಗೆ. ಆ ಹ್ಞೂಂ ಕಿವಿಯಿಂದ ಬರುವುದಲ್ಲ, ಬಾಯಿಂದಲೇ ಹುಟ್ಟಿ ಬಾಯಿಂದಲೇ ಹೋಗುವುದು. ನೀರಿನ ಮೇಲಿನಿಂದಲಾದರೂ ನೋಡಿದನೇ? ಟ್ಯಾಂಕನ್ನು ದಿನಾ ನೋಡಿದ. ಅದು ತಾರಸಿಯ ಯಾವ ಮೂಲೆಯಲ್ಲಿದೆ ಎಂದು ನೋಡಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ ಕಣ್ಣಿನ ಡಾಕ್ಟರ ತನಕ ಹೋಗಿ ಬಂದಿದ್ದ.

ಅವನು ನಗತೊಡಗಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವಳು ಇನ್ನಷ್ಟು ಹೆದರಿದಳು. ಆಗ ಬೇರೆ ದಾರಿಯಿಲ್ಲದೆ ಗುಟ್ಟನ್ನು ಬಿಚ್ಚಿದ: ಮೂರನೆಯ ಕಂಬ, ಟ್ಯಾಂಕು, ಸಣ್ಣ ಹಾರ್ನ್, ನಾಲ್ಕರ ಎಣಿಕೆ. ಅವಳು ಪೂರ್ತಿ ಕೇಳಿದಳು. ಗಂಡನ ತಲೆ ನೆಟ್ಟಗಿದೆ ಎಂಬ ನೆಮ್ಮದಿ ಮುಖದ ಮೇಲೆ ಮೂಡಿ, ಒಂದು ಗಳಿಗೆ ನಿಂತು, ಆಮೇಲೆ ಅದೇ ಮುಖ ಬಿಗಿಯಾಯಿತು.

"ಹಾಗಾದ್ರೆ ಆ ಹಾರ್ನ್ ಟ್ಯಾಂಕಿಗಾ?"

"ಯಾಕೆ?"

"ಮದುವೆಯಾದಾಗಿಂದ ನಾನು ಲಾಂಚು ಬರೋ ಹೊತ್ತಿಗೆ ಬಟ್ಟೆ ತೆಗೆಯೋಕೆ ಮೇಲೆ ಹೋಗ್ತೀನಿ. ನೀವು ಈ ಕಡೆ ನೋಡ್ಕೊಂಡು ಹಾರ್ನ್ ಹೊಡೀತಿದ್ರಿ. ನನ್ನ ನೋಡಿ ಹೊಡೀತೀರಿ ಅಂತ ತಿಳ್ಕೊಂಡಿದ್ದೆ. ಒಣಗದ ಬಟ್ಟೆನೂ ತೆಗೆದುಕೊಂಡು ಬಂದಿದ್ದೀನಿ ಎಷ್ಟೋ ಸಲ!"

ಏನು ಹೇಳಿದರೂ ತಪ್ಪಾಗುವ ಜಾಗ ಅದು. ಬೆಣ್ಣೆಯಣ್ಣ ಅವಳನ್ನು ತಾನು ತಾರಸಿಯ ಮೇಲೆ ಒಮ್ಮೆಯಾದರೂ ನೋಡಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾದದ್ದು ಟ್ಯಾಂಕು ಮಾತ್ರ. ಅವನಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ.

ಟ್ಯಾಂಕನ್ನು ಹಿಂದಕ್ಕೆ ತರಿಸೋಣವೆಂದರೆ ಸಿಮೆಂಟು ಇನ್ನೂ ಹಸಿ, ಮೇಸ್ತ್ರಿ ಬೇರೆ ಊರಿನ ಕೆಲಸಕ್ಕೆ ಹೋಗಿದ್ದಾನೆ. ಹೊಸ ಗುರುತು ಹಿಡಿಯೋಣವೆಂದರೆ ರಾತ್ರಿ ಕಳೆದರೆ ಪರೀಕ್ಷೆ. ಇಷ್ಟರ ಮೇಲೆ ಹೊಸದೊಂದು ಯೋಚನೆ ಅವನ ತಲೆ ಹೊಕ್ಕಿತು. ತಲೆ ಕೆಟ್ಟಿಲ್ಲ ಸರಿ, ಆದರೆ ಟ್ಯಾಂಕು ಎಂಟು ಮೊಳ ಸರಿದ ಮಾತ್ರಕ್ಕೆ ಹೋಗಿಬಿಡುವ ವಿದ್ಯೆ ತನ್ನದಾಗಿತ್ತೇ? ಇಷ್ಟು ವರ್ಷ ಲಾಂಚು ತಂದವರು ಯಾರು?

"ನಾನು ನಿಲ್ತೀನಿ" ಎಂದಳು ಹೆಂಡತಿ, ಕೋಪ ಇಳಿಯದ ದನಿಯಲ್ಲೇ. "ಟ್ಯಾಂಕ್ ಇದ್ದ ಜಾಗದಲ್ಲಿ. ನಿಮ್ಮ ಕಪ್ಪು ಮಳೆಕೋಟು ಹಾಕ್ಕೊಂಡು. ಕಂಬದ ಹಿಂದೆ ಟ್ಯಾಂಕಾದರೇನು, ನಾನಾದರೇನು."

ಗುರುವಾರ ಗಾಳಿ ಬೆಳಗಿನಿಂದಲೇ ಸಮುದ್ರದ ಕಡೆಯಿಂದ ಎದ್ದಿತ್ತು. ಇಳಿಯುವ ನೀರು ಕೆಳಕ್ಕೆ, ಗಾಳಿ ಮೇಲಕ್ಕೆ, ನಡುವೆ ಸಿಕ್ಕ ಅಲೆಗಳು ಗಿಡ್ಡಗೆ ನೆಟ್ಟಗೆ ಎದ್ದು ನಿಂತಿದ್ದವು. ಅಧಿಕಾರಿ ನಡುವಯಸ್ಸಿನ ಹೆಂಗಸು, ರಬ್ಬರ್ ಬೂಟು ಹಾಕಿದ್ದರು. ಚುಕ್ಕಾಣಿಯ ಪಕ್ಕ ಬಂದು, ಕಾಲಗಲಿಸಿ, ಏನನ್ನೂ ಹಿಡಿದುಕೊಳ್ಳದೆ ಕೈಕಟ್ಟಿ ನಿಂತರು. "ನಾನು ಹೀಗೇ ನಿಂತಿರ್ತೀನಿ. ಜೆಟ್ಟಿಗೆ ತಾಗಿದಾಗ ನಾನೊಂದು ಹೆಜ್ಜೆ ಇಡೋ ಹಾಗಾದ್ರೆ ನೀವು ಫೇಲು" ಎಂದರು. ಹಿಂದೆ ಟೀಚರಮ್ಮ ಹಣೆಗೆ ಪಟ್ಟಿ ಹಾಕಿಕೊಂಡು ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಆರು ಜೆಟ್ಟಿ ಮುಗಿದವು. ತಿರುವು ದಾಟಿದೊಡನೆ ಏಳನೆಯದು ಕಂಡಿತು, ಮೂರನೆಯ ಕಂಬ ಕಂಡಿತು, ಅದರಾಚೆ ತಾರಸಿಯ ಮೇಲೆ ಕಪ್ಪಗೆ ಒಂದು ಆಕೃತಿ. ಅಡ್ಡ ಸೆಳೆತ ಬಂದು ಲಾಂಚಿನ ಮೂತಿಯನ್ನು ಹಿಡಿದುಕೊಂಡಿತು. ಬೆಣ್ಣೆಯಣ್ಣ ಕಣ್ಣು ಕಿರಿದು ಮಾಡಿ ಕಂಬವನ್ನೂ ಅವಳನ್ನೂ ಒಂದು ಗೆರೆಗೆ ತರಲು ಹೊರಟ.

ಆದರೆ ಟ್ಯಾಂಕು ಅಲುಗುವುದಿಲ್ಲ, ಹೆಂಡತಿ ಅಲುಗುತ್ತಾಳೆ. ಗಾಳಿ ಮಳೆಕೋಟಿನೊಳಗೆ ಹೊಕ್ಕು ಅವಳನ್ನು ಬುಟ್ಟಿಯ ಹಾಗೆ ಉಬ್ಬಿಸಿತ್ತು. ಅವಳು ಒಂದು ಕೈಯಲ್ಲಿ ಕೋಟು, ಒಂದು ಕೈಯಲ್ಲಿ ಸೆರಗು ಹಿಡಿದು ಓಲಾಡುತ್ತಿದ್ದಳು. ತಾರಸಿಗೆ ಆ ಮೂಲೆಯಲ್ಲಿ ಕಟ್ಟೆಯಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು. ಕಟ್ಟೆ ಕಟ್ಟಿಸಿ ಎಂದು ಅವಳು ಎಷ್ಟು ಸಲ ಹೇಳಿದ್ದಳು, ಅದಕ್ಕೂ ಹ್ಞೂಂ ಎಂದಿದ್ದ. ಬಿದ್ದುಬಿಡುತ್ತಾಳೆ. ಹಿಂದೆ ಸರಿಯೇ ಮಾರಾಯ್ತಿ. ಕೂತುಕೋ, ಕೆಳಗೆ ಕೂತುಕೋ. ಅವಳ ಕೂದಲು ಬಿಚ್ಚಿ ಹಾರುತ್ತಿತ್ತು. ಅದು ಅಷ್ಟು ಬೆಳ್ಳಗಾದದ್ದು ಯಾವಾಗ?

ಮೆತ್ತಗೆ ಏನೋ ತಾಗಿದಂತಾಯಿತು. ಭಾವನ ಹಗ್ಗ ಕಂಬಕ್ಕೆ ಬಿತ್ತು.

ಅಧಿಕಾರಿ ಕೈಕಟ್ಟಿಕೊಂಡೇ ನಿಂತಿದ್ದರು. ತಮ್ಮ ಬೂಟನ್ನು ಒಮ್ಮೆ, ಅವನ ಬರಿಗಾಲನ್ನು ಒಮ್ಮೆ ನೋಡಿ, "ಹೇಳಿದ್ರು, ನಂಬಿರಲಿಲ್ಲ. ಕಾಲಲ್ಲೇ ಓದ್ತೀರಿ" ಎಂದು ರಟ್ಟಿನ ಮೇಲಿನ ಹಾಳೆಗೆ ಸಹಿ ಹಾಕಿದರು. ಟೀಚರಮ್ಮ ಬೆಂಚು ಬಿಟ್ಟು ಚಪ್ಪಾಳೆ ತಟ್ಟಿದರು. ಬೆಣ್ಣೆಯಣ್ಣ ಚಪ್ಪಲಿಯನ್ನೂ ಮೆಟ್ಟದೆ, ಜೆಟ್ಟಿಗೆ ಹಾರಿ ಮನೆಯ ಕಡೆಗೆ ಓಡಿದ.

ತಾರಸಿಯ ಮೇಲೆ ಅವಳು ಇನ್ನೂ ಅಲ್ಲೇ, ಅಲುಗದೆ ನಿಂತಿದ್ದಳು. "ಬಂತಾ?" ಎಂದಳು. "ನಾನು ಸರಿಯಾಗಿ ನಿಂತಿದ್ನಾ?"

ಅವನು ಏದುಸಿರು ಬಿಡುತ್ತ ಅವಳ ತೋಳು ಹಿಡಿದು ಅಂಚಿನಿಂದ ಈಚೆಗೆ ಎಳೆದುಕೊಂಡ. ಆಮೇಲೆ ಅವಳ ಬೆನ್ನ ಹಿಂದೆ ನೋಡಿದ. ಗಾಳಿ ಪ್ಲಾಸ್ಟಿಕ್ ಹಾಳೆಯನ್ನು ಅರ್ಧ ಮಗುಚಿ ಹಾಕಿತ್ತು. ಹಾಳೆಯ ಕೆಳಗೆ, ಹೊಸ ಸಿಮೆಂಟಿನ ಪಕ್ಕದಲ್ಲಿ, ಟ್ಯಾಂಕಿನ ಸ್ಟ್ಯಾಂಡು ಇಪ್ಪತ್ತಾರು ವರ್ಷ ಊರಿದ್ದ ನಾಲ್ಕು ತುಕ್ಕಿನ ಗುರುತುಗಳು ಚೌಕವಾಗಿ ಕೂತಿದ್ದವು. ಅವಳು ಹಸಿ ಸಿಮೆಂಟು ತುಳಿಯಬಾರದೆಂದು ಹಾಳೆಯ ಅಂಚಿಗೆ ನಿಂತಿದ್ದಳು. ಗುರುತಿನಿಂದ ಅವಳ ಪಾದಕ್ಕೆ ನಾಲ್ಕು ಮೊಳ. ಅವಳನ್ನು ಕಂಬದ ಹಿಂದೆ ಅಡಗಿಸಿ ಬಂದಿದ್ದರೆ ಲಾಂಚು ಆ ಮುರುಕು ಮೋಟಿನ ಕಡೆಗೆ ಜಾರಿ ಜೆಟ್ಟಿಗೆ ಢಿಕ್ಕಿ ಹೊಡೆದಿರಬೇಕಿತ್ತು.

ಹಾರ್ನ್ ಹೊಡೆದೆನೋ? ನಾಲ್ಕು ಎಣಿಸಿದೆನೋ? ಏನೂ ನೆನಪಿರಲಿಲ್ಲ. ಕೈ ಮಾಡಿತೋ, ಕಾಲು ಮಾಡಿತೋ, ಅಪ್ಪನ ರಕ್ತ ಮಾಡಿತೋ. ನೆನಪಿಲ್ಲದಿರುವುದಕ್ಕೆ ಹೆದರಬೇಕೋ ಹೆಮ್ಮೆಪಡಬೇಕೋ ಅದೂ ತಿಳಿಯಲಿಲ್ಲ. ನೆನಪಿದ್ದದ್ದು ಗಾಳಿಯಲ್ಲಿ ಹಾರುತ್ತಿದ್ದ ಇವಳ ಬಿಳಿ ಕೂದಲು ಮಾತ್ರ.

"ಹೇಳ್ರೀ. ಸರಿಯಾಗಿತ್ತಾ ಜಾಗ?"

"ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ" ಎಂದ.

ಅವಳ ಮುಖ ಅರಳಿತು. "ಮತ್ತೆ? ಆ ಟ್ಯಾಂಕಿಗೆ ಬರೋದು ನನಗೆ ಬರಲ್ವಾ? ಮೇಸ್ತ್ರಿ ಬಂದ್ಮೇಲೆ ತಿರುಗಿ ಇಲ್ಲಿಗೇ ಇಡಿಸೋಣ ಬಿಡಿ."

"ಬೇಡ. ಅದು ಅಲ್ಲೇ ಇರಲಿ. ಮೇಸ್ತ್ರಿ ಇಲ್ಲಿಗೊಂದು ಕಟ್ಟೆ ಕಟ್ಟಲಿ. ಆಮೇಲೆ ನೀನೇ ನಿಂತ್ಕೋ."

ಅವಳು ಕೋಟು ಬಿಚ್ಚಿ ಮೆಟ್ಟಿಲಿನ ಕಡೆ ತಿರುಗಿದಳು. ಅವನು ಬಗ್ಗಿ ಹಾಳೆಯನ್ನು ಎಳೆದು ಆ ನಾಲ್ಕು ಗುರುತುಗಳನ್ನು ಮುಚ್ಚಿ, ಮೂಲೆಗೊಂದರಂತೆ ಇಟ್ಟಿಗೆ ಇಟ್ಟ.